ಮ್ಯೂಸಿಕ್ ಆ್ಯಪ್‌ಗೆ ಹಾಡು ಹಂಚ್ಕೊಳೋ ಫೀಚರ್ ಮಾಡೋದು ಹೇಗೆ: ಕಳ್ಸೋರಿಂದ ಅಲ್ಲ, ಕೇಳೋರಿಂದ ಶುರು ಮಾಡಿ

ಸಾಗರದಲ್ಲಿ ನಮ್ಮ ಸೋದರತ್ತೆ ಇದಾರೆ, ಮೂವತ್ತು ವರ್ಷ ಊರಿನ ಮಕ್ಕಳಿಗೆ ಸುಗಮ ಸಂಗೀತ ಹೇಳ್ಕೊಟ್ಟವ್ರು, ಈಗ್ಲೂ ಸಂಜೆ ಆದ್ರೆ ಹಾರ್ಮೋನಿಯಂ ಮುಂದೆ ಕೂರ್ತಾರೆ. ಒಂದಿನ ಅವ್ರಿಗೆ ಒಂದು ಭಾವಗೀತೆ ಲಿಂಕ್ ವಾಟ್ಸಾಪಲ್ಲಿ ಕಳ್ಸಿದೆ, ಹಳೇ ಕವಿತೆಗೆ ಯಾರೋ ಹೊಸ ಹುಡುಗಿ ಹೊಸ ಧಾಟಿ ಹಾಕಿ ಹಾಡಿದ್ಲು, ಅತ್ತೆ ಏನ್ ಹೇಳ್ತಾರೋ ಕೇಳ್ಬೇಕು ಅಂತ ಆಸೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. "ನೀ ಕಳ್ಸಿದ್ದು ಒತ್ತಿದ್ರೆ ಮೊದ್ಲು ಏನೋ ಡೌನ್‌ಲೋಡ್ ಮಾಡು ಅಂತು, ಮಾಡ್ದೆ, ಆಮೇಲೆ ನಂಬರ್ ಕೇಳ್ತು, ಕೊಟ್ಟೆ, ಓಟಿಪಿನೂ ಹಾಕ್ದೆ, ಕೊನೆಗೆ ಯಾವ್ದೋ ಹಿಂದಿ ಹಾಡಿನ ಪಟ್ಟಿ ಬಂತು ಮಾರಾಯ, ನಿನ್ನ ಹಾಡು ಮಾತ್ರ ಬರ್ಲೇ ಇಲ್ಲ" ಅಂದ್ರು. ಆ ಆ್ಯಪ್ ಟೀಮಲ್ಲಿ ಆಗ ನಾನೇ ಕೆಲಸ ಮಾಡ್ತಿದ್ದೆ. ನಮ್ಮ ಡ್ಯಾಶ್‌ಬೋರ್ಡಲ್ಲಿ ಅತ್ತೆ ಲೆಕ್ಕ ಏನಂತ ಬಿದ್ದಿತ್ತು ಗೊತ್ತಾ, ಒಂದು ಶೇರ್ ಆಯ್ತು, ಒಂದು ಇನ್‌ಸ್ಟಾಲ್ ಆಯ್ತು, ಒಂದು ಹೊಸ ಅಕೌಂಟ್ ಆಯ್ತು, ಅಂದ್ರೆ ಮೂರೂ ಗೆಲುವು. ಹಾಡು ಕೇಳ್ಲಿಲ್ಲ ಅನ್ನೋದು ಎಲ್ಲೂ ಬರ್ದಿರ್ಲಿಲ್ಲ.

ಅವತ್ತಿಂದ ಈ ಫೀಚರ್ ಬಗ್ಗೆ ಯಾರು ಕೇಳಿದ್ರೂ ನಾನು ಮೊದ್ಲು ಹೇಳೋದು ಒಂದೇ, ನಿಮ್ಮ ಡಿಸೈನ್ ಫೈಲಲ್ಲಿ ಶೇರ್ ಬಟನ್ ಇರೋ ಸ್ಕ್ರೀನ್ ಕೊನೆಗೆ ಬಿಡ್ಸಿ, ಲಿಂಕ್ ಒತ್ತಿದವ್ರಿಗೆ ಕಾಣೋ ಸ್ಕ್ರೀನ್ ಮೊದ್ಲು ಬಿಡ್ಸಿ. ಹಾಡು ಹಂಚ್ಕೊಳೋದು ಅಂದ್ರೆ ಒಬ್ರು ಇನ್ನೊಬ್ರಿಗೆ ಕೊಡೋದು, ಮನೇಲಿ ಮಾಡಿದ ಹೋಳಿಗೆನ ಪಕ್ಕದ ಮನೆಗೆ ಡಬ್ಬೀಲಿ ಹಾಕಿ ಕೊಟ್ಟಂಗೆ. ಅವ್ರು ಮುಚ್ಚಳ ತೆಗ್ದು ತಿಂದ್ರಾ ಇಲ್ವಾ, ಡಬ್ಬಿ ವಾಪಸ್ ಬರೋವಾಗ ಅದ್ರಲ್ಲಿ ಏನಾದ್ರೂ ಇತ್ತಾ, ವಿಷಯ ಇರೋದೆಲ್ಲ ಅಲ್ಲೇ. ಈ ಬರಹದಲ್ಲಿ ಹೇಳೋದೆಲ್ಲ ಅದೇ ದಾರೀಲಿ ಬರುತ್ತೆ.

ಹಿಂದೆ ಮಾಡಿದವ್ರು ಎಲ್ಲಿ ಎಡವಿದ್ರು

ಕೆಲಸ ಶುರು ಮಾಡೋಕೆ ಮುಂಚೆ ಒಂದು ಅರ್ಧ ದಿನ ಹಳೇ ಕಥೆ ಓದ್ಕೊಳಿ, ಯಾಕಂದ್ರೆ ಇದನ್ನ ದೊಡ್ಡ ದೊಡ್ಡೋರೇ ಮಾಡಿ ಮುಚ್ಚಿದಾರೆ. ಆ್ಯಪಲ್ 2010 ಸೆಪ್ಟೆಂಬರಲ್ಲಿ ಐಟ್ಯೂನ್ಸ್ ಒಳಗೇ ಪಿಂಗ್ ಅಂತ ಒಂದು ಸೋಶಿಯಲ್ ನೆಟ್‌ವರ್ಕ್ ತಂತು, ಮೊದಲ 48 ಗಂಟೇಲಿ 10 ಲಕ್ಷ ಜನ ಸೇರಿದ್ರು, ಎರಡೇ ವರ್ಷಕ್ಕೆ ಅಂದ್ರೆ 2012 ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದ್ರು. ಜನ ಬರ್ಲಿಲ್ಲ ಅಂತಲ್ಲ, ಬಂದವ್ರಿಗೆ ಅಲ್ಲಿ ಮಾಡೋಕೆ ಏನೂ ಇರ್ಲಿಲ್ಲ, ಅದು ಹಾಡು ಕೊಳ್ಳೋ ಅಂಗಡಿ ಒಳಗೆ ಕಟ್ಟಿದ ಜಗಲಿ, ಸ್ನೇಹಿತ್ರು ಇದ್ದಿದ್ದು ಬೇರೆ ಕಡೆ. 2015ರಲ್ಲಿ ಆ್ಯಪಲ್ ಮ್ಯೂಸಿಕ್ ಜೊತೆ ಕನೆಕ್ಟ್ ಅಂತ ಕಲಾವಿದರ ಪೋಸ್ಟ್‌ಗಳಿಗೆ ಒಂದು ಜಾಗ ಮಾಡಿದ್ರು, ಅದೂ ಮುಚ್ತು.

ಸ್ಪಾಟಿಫೈ ಕಥೆ ಇನ್ನೂ ಪಾಠ ಇರೋದು. 2011 ಸೆಪ್ಟೆಂಬರಲ್ಲಿ ಅವ್ರು ಫೇಸ್‌ಬುಕ್ ಜೊತೆ ಸೇರ್ಕೊಂಡು, ನೀವು ಏನ್ ಕೇಳಿದ್ರೂ ತಾನಾಗೇ ಸ್ನೇಹಿತ್ರಿಗೆ ಕಾಣೋ ಥರ ಮಾಡಿದ್ರು, ಜನ ಸಿಟ್ಟಾದ್ರು, ಕೆಲವೇ ದಿನದಲ್ಲಿ ಯಾರಿಗೂ ಕಾಣದಂಗೆ ಕೇಳೋ ಮೋಡ್ ಕೊಡ್ಬೇಕಾಯ್ತು. ಆ್ಯಪ್ ಒಳಗೆ ಮೆಸೇಜ್ ಕಳ್ಸೋ ಇನ್‌ಬಾಕ್ಸ್ ಇತ್ತು, ಬಳಸೋರು ಕಮ್ಮಿ ಅಂತ 2017ರಲ್ಲಿ ತೆಗ್ದರು, ಮತ್ತೆ 2025 ಆಗಸ್ಟಲ್ಲಿ ಮೆಸೇಜಸ್ ಅಂತ ವಾಪಸ್ ತಂದ್ರು. ನಮ್ಮ ದೇಶದಲ್ಲಿ ರೆಸ್ಸೋ ಅಂತ ಮ್ಯೂಸಿಕ್ ಆ್ಯಪ್ ಇತ್ತಲ್ಲ, 2020ರಲ್ಲಿ ಬಂದಿದ್ದು, ಪ್ರತಿ ಹಾಡಿನ ಕೆಳಗೂ ಕಾಮೆಂಟ್, ಸಾಹಿತ್ಯದ ಸಾಲು ಶೇರ್ ಮಾಡೋದು, ಹಾಡಿಗೆ ನಿಮ್ಮದೇ ವಿಡಿಯೋ ಹಾಕೋದು ಎಲ್ಲ ಇತ್ತು, ಡಿಸೈನ್ ನೋಡೋಕೂ ಚೆಂದ, 2024 ಜನವರಿ ಕೊನೆಗೆ ನಿಂತೋಯ್ತು. ಅದು ನಿಂತಿದ್ದಕ್ಕೆ ಫೀಚರ್ ಒಂದೇ ಕಾರಣ ಅಲ್ಲ, ಆದ್ರೂ ಅದನ್ನ ನೋಡಿ ಕಲಿಯೋದು ತುಂಬಾ ಇದೆ.

ನಿಂತ್ಕೊಂಡಿದ್ದು ಯಾವ್ದು ನೋಡಿ ಈಗ. ಇಬ್ರು ಮೂವರು ಸೇರಿ ಒಂದೇ ಪ್ಲೇಲಿಸ್ಟ್ ಕಟ್ಟೋದು ಸ್ಪಾಟಿಫೈ ಶುರುವಾದ ಕಾಲದಿಂದ ಇವತ್ತಿಗೂ ಇದೆ. ಇಬ್ಬರ ರುಚಿ ಬೆರೆಸಿ ಒಂದು ಪಟ್ಟಿ ಕೊಡೋ ಬ್ಲೆಂಡ್ 2021ರಲ್ಲಿ ಬಂತು, ಇದೆ. ಒಟ್ಟಿಗೆ ಕೇಳೋ ಜ್ಯಾಮ್ 2023 ಸೆಪ್ಟೆಂಬರಲ್ಲಿ ಬಂತು, ಅದೂ ಇದೆ. ವರ್ಷವಿಡೀ ನೀವು ಏನ್ ಕೇಳಿದ್ರಿ ಅಂತ ತೋರ್ಸೋಕೆ ವರ್ಷದ ಕೊನೇಲಿ ಬರೋ ರ‍್ಯಾಪ್ಡ್ ಅಂತೂ ಡಿಸೆಂಬರ್ ಬಂದ್ರೆ ಎಲ್ಲರ ಸ್ಟೇಟಸಲ್ಲೂ ಇರುತ್ತೆ. ಇವೆಲ್ಲದ್ರಲ್ಲೂ ಒಂದೇ ಗುಣ ಕಾಣುತ್ತೆ ನಂಗೆ, ಒಂದೋ ನೀವು ಹೆಸರಿಟ್ಟು ಕರ್ದ ಜನರ ಜೊತೆ ಮಾಡೋ ಕೆಲಸ, ಇಲ್ಲಾ ನೀವೇ ಬೇಕು ಅಂತ ತೋರ್ಸೋ ಕಾರ್ಡು. ಊರಿಗೆಲ್ಲ ತಾನಾಗೇ ಡಂಗುರ ಹೊಡೆಯೋದು ಯಾವ್ದೂ ಇಲ್ಲ. ಹಾಗಾಗಿ ಆ್ಯಪ್ ಕೆಳಗಡೆ "ಫ್ರೆಂಡ್ಸ್" ಅಂತ ಒಂದು ಟ್ಯಾಬ್ ಹಾಕಿ ಫೀಡ್ ಮಾಡೋಣ ಅಂತ ಯಾರಾದ್ರೂ ಮೀಟಿಂಗಲ್ಲಿ ಹೇಳಿದ್ರೆ ಮೇಲಿನ ವರ್ಷಗಳನ್ನ ಒಂದ್ಸಲ ಅವ್ರ ಮುಂದೆ ಇಡಿ. ನಮ್ಮ ಜನರ ಜಗಲಿ ವಾಟ್ಸಾಪಲ್ಲಿ ಆಗ್ಲೇ ಇದೆ, ಅಲ್ಲಿಗೆ ಹಾಡು ಚೆನ್ನಾಗಿ ಹೋಗ್ಬೇಕು, ಅಷ್ಟೇ.

ಲಿಂಕ್ ಒತ್ತಿದ್ರೆ ಹಾಡು ಬರ್ಬೇಕು

ಇದು ಕೇಳೋಕೆ ಸುಲಭ, ಮಾಡೋಕೆ ಇದೇ ಕಷ್ಟ, ಈ ಫೀಚರಿಗೆ ಮೂರು ತಿಂಗಳು ಸಿಕ್ಕಿದ್ರೆ ಅದ್ರಲ್ಲಿ ಎರಡು ತಿಂಗಳು ಇದಕ್ಕೇ ಇಟ್ಕೊಳಿ.

ಲಿಂಕ್ ಒತ್ತಿದವ್ರ ಫೋನಲ್ಲಿ ಆ್ಯಪ್ ಇದ್ರೆ ನೇರ ಆ ಹಾಡಿಗೇ ಹೋಗ್ಬೇಕು. ಆಂಡ್ರಾಯ್ಡಲ್ಲಿ ಆ್ಯಪ್ ಲಿಂಕ್ಸ್, ಐಫೋನಲ್ಲಿ ಯೂನಿವರ್ಸಲ್ ಲಿಂಕ್ಸ್ ಅನ್ನೋ ವ್ಯವಸ್ಥೆ ಇದನ್ನ ಮಾಡುತ್ತೆ, ಎರಡಕ್ಕೂ ನಿಮ್ಮ ಡೊಮೇನಲ್ಲಿ ಒಂದೊಂದು ಸಣ್ಣ ಫೈಲ್ ಇಟ್ಟು ಈ ಆ್ಯಪ್ ನಮ್ಮದೇ ಅಂತ ಸಾಬೀತು ಮಾಡ್ಬೇಕು, ಆ ಫೈಲಲ್ಲಿ ಆ್ಯಪಿನ ಗುರುತು ಒಂದಕ್ಷರ ತಪ್ಪಿದ್ರೂ ಸುಮ್ನೆ ಬ್ರೌಸರ್ ತೆರ್ಕೊಳತ್ತೆ, ಎರರ್ ಅಂತ ಏನೂ ಹೇಳಲ್ಲ, ಅದಕ್ಕೆ ಪ್ರತಿ ರಿಲೀಸಿಗೂ ಇದನ್ನ ಕೈಯಾರೆ ಒಂದ್ಸಲ ಒತ್ತಿ ನೋಡಿ. ಹಳೇ ಟ್ಯುಟೋರಿಯಲ್ ನೋಡ್ಕೊಂಡು ಫೈರ್‌ಬೇಸ್ ಡೈನಾಮಿಕ್ ಲಿಂಕ್ಸ್ ಅನ್ನೋ ಲಿಂಕ್ ಸೇವೆ ಹಾಕೋಕೆ ಹೋಗ್ಬೇಡಿ, ಗೂಗಲ್ ಅದನ್ನ 2025 ಆಗಸ್ಟ್ 25ಕ್ಕೆ ಮುಚ್ಚಿದೆ, ಆ ಲಿಂಕ್‌ಗಳೇ ಈಗ ಕೆಲಸ ಮಾಡಲ್ಲ.

ಆ್ಯಪ್ ಇಲ್ದೇ ಇದ್ರೆ? ಪ್ಲೇಸ್ಟೋರಿಗೆ ತಳ್ಳೋದು ಅಲ್ಲ. ಬ್ರೌಸರಲ್ಲೇ ಹಾಡು ಕೇಳ್ಸಿ, ಲಾಗಿನ್ ಕೇಳ್ಬೇಡಿ, ಓಟಿಪಿ ಕೇಳ್ಬೇಡಿ. ಪೂರ್ತಿ ಹಾಡು ಕೊಡೋಕೆ ಲೇಬಲ್ ಜೊತೆ ಒಪ್ಪಂದದಲ್ಲಿ ಅವಕಾಶ ಇದ್ಯಾ ಅಂತ ಲೈಸೆನ್ಸಿಂಗ್ ಟೀಮನ್ನ ಮೊದಲ ವಾರವೇ ಕೇಳಿ, ಡಿಸೈನ್ ಎಲ್ಲ ಮುಗ್ದ ಮೇಲೆ ಕೇಳಿದ್ರೆ ಮತ್ತೆ ಮೊದ್ಲಿಂದ ಬಿಡ್ಸ್ಬೇಕಾಗುತ್ತೆ. ಬರೀ 30 ಸೆಕೆಂಡ್ ತುಣುಕಿಗೆ ಮಾತ್ರ ಒಪ್ಪಿದ್ರೆ, ಯಾವ 30 ಸೆಕೆಂಡ್ ಅನ್ನೋದು ನೋಡಿ ದಯವಿಟ್ಟು. ನಮ್ಮ ಭಾವಗೀತೆಗಳಲ್ಲಿ ಮೊದ್ಲು ಕೊಳಲೋ ಸಿತಾರೋ ಮುಕ್ಕಾಲು ನಿಮಿಷ ಹೋಗುತ್ತೆ, ಆಮೇಲೆ ಪಲ್ಲವಿ. ಶುರುವಿಂದ 30 ಸೆಕೆಂಡ್ ಕೊಟ್ರೆ ಕೇಳಿದವ್ರಿಗೆ ಹಾಡಿನ ಒಂದು ಪದಾನೂ ಸಿಗಲ್ಲ, ಕೊಳಲು ಕೇಳಿ ಮುಚ್ಚಿಡ್ತಾರೆ. ಅದಕ್ಕೆ ಕಳ್ಸೋವ್ರಿಗೇ ಒಂದು ಸಣ್ಣ ಪಟ್ಟಿ ತೋರ್ಸಿ, ಎಲ್ಲಿಂದ ಕೇಳ್ಸ್ಬೇಕು ಅಂತ ಬೆರಳಲ್ಲಿ ಎಳ್ದು ಇಡೋ ಥರ, ಆ ಸೆಕೆಂಡ್ ಲೆಕ್ಕ ಲಿಂಕಲ್ಲೇ ಹೋಗ್ಲಿ. ಆ ಎರಡನೇ ಚರಣದಲ್ಲಿ ಸಾಲನ್ನ ಬೇರೆ ಥರ ತಿರುಗಿಸಿ ಒಂದು ಸಂಗತಿ ಹಾಕ್ತಾರಲ್ಲ, ಅದನ್ನ ಕೇಳು ಅಂತಾನೇ ಅಲ್ವಾ ನಾವು ಹಾಡು ಕಳ್ಸೋದು.

ಆ್ಯಪ್ ಹಾಕ್ಕೊಂಡ್ರೆ ಅದೇ ಹಾಡು ತೆರ್ಕೊಬೇಕು, ಹೋಮ್ ಪೇಜ್ ಅಲ್ಲ. ಆಂಡ್ರಾಯ್ಡಲ್ಲಿ ಪ್ಲೇ ಇನ್‌ಸ್ಟಾಲ್ ರೆಫರರ್ ಮೂಲಕ ಯಾವ ಲಿಂಕಿಂದ ಬಂದ್ರು ಅಂತ ಮೊದಲ ಸಲ ಆ್ಯಪ್ ತೆರೆದಾಗ ಓದ್ಕೊಬಹುದು. ಐಫೋನಲ್ಲಿ ಅಂಥದ್ದು ನೇರವಾಗಿ ಇಲ್ಲ, ಆದ್ರಿಂದ ವೆಬ್ ಪೇಜಲ್ಲೇ ಹಾಡು ಪೂರ್ತಿ ಕೇಳ್ಸೋದೇ ಅಲ್ಲಿ ಉತ್ತಮ, ಆಮೇಲೆ ಅವ್ರು ಅದೇ ಲಿಂಕನ್ನ ಮತ್ತೆ ಒತ್ತಿದ್ರೆ ಸರಿ ಜಾಗಕ್ಕೆ ಹೋಗುತ್ತೆ.

ಇನ್ನೊಂದು, ನಿಮ್ಮ ಆ್ಯಪ್ ಇಲ್ಲ ಆದ್ರೆ ಬೇರೆ ಆ್ಯಪ್ ಇದೆ ಅನ್ನೋರು. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರದ ಒಂದು ಗುರುತು ಇರುತ್ತೆ, ಬೇರೆ ಸರ್ವಿಸ್‌ಗಳಲ್ಲೂ ಅದನ್ನ ಹಾಕಿ ಅದೇ ಹಾಡು ಹುಡುಕ್ಬಹುದು. "ನಿಮ್ಮ ಆ್ಯಪಲ್ಲೇ ಕೇಳಿ" ಅಂತ ಒಂದು ಬಟನ್ ಕೊಡಿ ಅಂದ್ರೆ ಬಿಸಿನೆಸ್ ಟೀಮವ್ರು ಖಂಡಿತ ಬೇಡ ಅಂತಾರೆ, ಆದ್ರೂ ನಾನು ಇದಕ್ಕೆ ಜಗಳ ಆಡ್ತೀನಿ, ಯಾಕಂದ್ರೆ ಕಳಿಸಿದ ಹಾಡು ತಲುಪಿದ್ರೆ ಮಾತ್ರ ಆ ಮನುಷ್ಯ ನಾಳೆ ಮತ್ತೆ ನಿಮ್ಮ ಆ್ಯಪಿಂದ ಕಳ್ಸ್ತಾನೆ.

ಈ ಐಎಸ್‌ಆರ್‌ಸಿ ಗುರುತು ರೆಕಾರ್ಡಿಂಗಿಗೆ ಸೇರಿದ್ದು, ಹಾಡಿಗೆ ಅಲ್ಲ, ಈ ವ್ಯತ್ಯಾಸ ಕನ್ನಡದಲ್ಲಿ ತುಂಬಾ ಮುಖ್ಯ ಆಗುತ್ತೆ. ಒಂದೇ ಕವಿತೆಗೆ ಬೇರೆ ಬೇರೆಯವ್ರು ಧಾಟಿ ಹಾಕಿರ್ತಾರೆ. ನಮ್ಮ ನಾಡಗೀತೇನೇ ತಗೊಳಿ, ಮೈಸೂರು ಅನಂತಸ್ವಾಮಿ ಧಾಟಿ ಒಂದು, ಸಿ. ಅಶ್ವತ್ಥ್ ಧಾಟಿ ಒಂದು, ಎಷ್ಟೋ ವರ್ಷ ಚರ್ಚೆ ಆಗಿ ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ ಆದೇಶ ಮಾಡ್ತು. ನಾನು ಅಶ್ವತ್ಥ್ ಅವ್ರದ್ದು ಕಳ್ಸಿದಾಗ ನಿಮ್ಮ ಆ್ಯಪ್ ಹೆಸರು ಹೋಲ್ಸಿ ಇನ್ಯಾರದ್ದೋ ಹಾಡ್ಸಿದ್ರೆ ನಾನು ಕಳಿಸಿದ್ದು ತಲುಪ್ಲಿಲ್ಲ ಅಂತಾನೇ ಅರ್ಥ. ಹೆಸರು ನೋಡಿ ಹೊಂದಿಸ್ಬೇಡಿ, ಗುರುತು ನೋಡಿ ಹೊಂದಿಸಿ, ಅದು ಸಿಗ್ದಿದ್ರೆ ಗಾಯಕರು ಮತ್ತೆ ಹಾಡಿನ ಉದ್ದ ಎರಡೂ ಹೊಂದ್ಬೇಕು ಅಂತ ನಿಯಮ ಇಡಿ, ಅದೂ ಆಗ್ಲಿಲ್ಲ ಅಂದ್ರೆ "ಇದೇ ಹಾಡಿನ ಬೇರೆ ಆವೃತ್ತಿ" ಅಂತ ಸ್ಪಷ್ಟವಾಗಿ ಬರೀರಿ. ದುಬೈಲೋ ಅಮೆರಿಕದಲ್ಲೋ ಇರೋ ನೆಂಟ್ರು ಒತ್ತಿದಾಗ ಆ ದೇಶಕ್ಕೆ ಹಕ್ಕಿಲ್ಲ ಅಂತ ಬರೋದೂ ಇದೆ, ಆಗ ಖಾಲಿ ಪೇಜ್ ತೋರ್ಸ್ಬೇಡಿ, ಯಾವ ಹಾಡು, ಯಾರು ಹಾಡಿದ್ದು, ನಿಮ್ಮಲ್ಲಿ ಯಾಕೆ ಬರ್ತಿಲ್ಲ ಅಂತ ಒಂದು ಸಾಲು.

ಕಾರ್ಡು ಮತ್ತೆ ಒತ್ತಕ್ಷರ

ವಾಟ್ಸಾಪಲ್ಲಿ ಲಿಂಕ್ ಜೊತೆ ಬರೋ ಸಣ್ಣ ಚಿತ್ರ, ಹೆಸರು, ಇವು ನಿಮ್ಮ ಪೇಜಲ್ಲಿ ಹೆಸರು ಇದು, ಚಿತ್ರ ಇದು ಅಂತ ಬರ್ದಿಡೋ ಓಪನ್ ಗ್ರಾಫ್ ಟ್ಯಾಗ್‌ಗಳಿಂದ ಬರೋದು. ಅದನ್ನ ಓದೋ ಪ್ರೋಗ್ರಾಮ್ ನಿಮ್ಮ ಜಾವಾಸ್ಕ್ರಿಪ್ಟ್ ಓಡ್ಸಲ್ಲ, ಸರ್ವರಿಂದ ಬರೋ ಪೇಜಲ್ಲೇ ಟ್ಯಾಗ್ ಇರ್ಬೇಕು, ಚಿತ್ರ ಹಗುರ ಇರ್ಬೇಕು, ಇಲ್ಲಾಂದ್ರೆ ಬರೀ ನೀಲಿ ಅಕ್ಷರದ ಉದ್ದ ಲಿಂಕ್ ಹೋಗುತ್ತೆ, ಅದನ್ನ ನೋಡಿದ್ರೆ ನಮ್ಮ ಹಿರಿಯರು ಯಾವ್ದೋ ಮೋಸದ ಲಿಂಕ್ ಅಂತ ಒತ್ತೋದೇ ಇಲ್ಲ, ಅವ್ರು ಹಾಗೆ ಹೆದರೋದು ಸರಿಯಾಗೇ ಇದೆ. ಸ್ಟೇಟಸ್‌ಗೆ, ಸ್ಟೋರಿಗೆ ಹಾಕೋ ಕಾರ್ಡ್ 1080 ಅಗಲ 1920 ಎತ್ತರ ಮಾಡಿ, ಮೇಲೆ ಕೆಳಗೆ ಸ್ವಲ್ಪ ಜಾಗ ಖಾಲಿ ಬಿಡಿ, ಅಲ್ಲಿ ಆ ಆ್ಯಪ್‌ಗಳ ಸ್ವಂತ ಬಟನ್ ಕೂರುತ್ತೆ.

ಈಗ ನನ್ನ ಹೊಟ್ಟೆಯುರಿ ವಿಷಯ. ಕಾರ್ಡಲ್ಲಿ ಕನ್ನಡ. ಸರ್ವರಲ್ಲಿ ಚಿತ್ರ ಮಾಡೋ ಎಷ್ಟೋ ಲೈಬ್ರರಿಗಳು, ಅಂದ್ರೆ ಸಿದ್ಧ ಇರೋ ಕೋಡು, ಅಕ್ಷರಗಳನ್ನ ಒಂದರ ಪಕ್ಕ ಒಂದು ಇಟ್ಕೊಂಡು ಹೋಗ್ತವೆ, ಇಂಗ್ಲಿಷಿಗೆ ಅದು ಸಾಕು, ಕನ್ನಡಕ್ಕೆ ಸಾಲಲ್ಲ, ಒತ್ತಕ್ಷರ ಒಡ್ದು "ಕೃಷ್ಣ" ಅನ್ನೋದು ಷ ಆಮೇಲೆ ಒಂದು ಅರ್ಧ ಚಂದ್ರ ಆಮೇಲೆ ಣ ಅಂತ ಬೇರೆ ಬೇರೆ ಬಿದ್ದಿರುತ್ತೆ. ಅಕ್ಷರ ಜೋಡ್ಸೋ ಕೆಲಸ ಮಾಡೋದು ಹಾರ್ಫ್‌ಬಝ್ ಅನ್ನೋ ಎಂಜಿನ್, ಚಿತ್ರ ಮಾಡೋಕೆ ಪೈಥಾನಿನ ಪಿಲ್ಲೋ ಲೈಬ್ರರಿ ಬಳಸ್ತಿದ್ರೆ ಅದಕ್ಕೆ ರಾಕ್ಮ್ ಲೈಬ್ರರಿ ಜೊತೇಲಿ ಹಾಕಿರ್ಬೇಕು, ಇಲ್ದಿದ್ರೆ ಅದು ಸುಮ್ನೆ ಹಳೇ ರೀತೀಲಿ ಬರ್ದು ಬಿಡುತ್ತೆ. ಅಥವಾ ಎಲ್ಲ ತಲೆನೋವು ಬಿಟ್ಟು ಸರ್ವರಲ್ಲಿ ಒಂದು ಕ್ರೋಮ್ ಓಡ್ಸಿ ಪೇಜಿನ ಸ್ಕ್ರೀನ್‌ಶಾಟ್ ತೆಗೀರಿ, ನಿಧಾನ ಆದ್ರೂ ಅಕ್ಷರ ಸರಿ ಬರುತ್ತೆ. ಫಾಂಟ್ ಸರ್ವರಲ್ಲೇ ಇಡಿ, ನೋಟೋ ಸಾನ್ಸ್ ಕನ್ನಡ ಉಚಿತ ಸಿಗುತ್ತೆ, ಫಾಂಟ್ ಇಲ್ದಿದ್ರೆ ಬರೀ ಚೌಕ ಚೌಕ. ಇನ್ನು ಉದ್ದದ ಹೆಸರನ್ನ ಮೊಟಕು ಮಾಡೋವಾಗ 30 ಅಕ್ಷರ ಅಂತ ಕತ್ತರಿಸ್ಬೇಡಿ, ಕಂಪ್ಯೂಟರ್ ಲೆಕ್ಕದ ಅಕ್ಷರಾನೇ ಬೇರೆ ನಮ್ಮ ಅಕ್ಷರಾನೇ ಬೇರೆ, "ಸ್ತ್ರೀ" ನಮ್ಗೆ ಒಂದಕ್ಷರ ಅದಕ್ಕೆ ಆರು, ಮಧ್ಯ ಕತ್ತರಿಸಿದ್ರೆ ಕೊನೇಲಿ ಅರ್ಧಾಕ್ಷರ ನೇತಾಡ್ತಿರುತ್ತೆ. ಪದ ಮುಗ್ದ ಕಡೆ ನಿಲ್ಸಿ, ಜಾಗ ಇಲ್ಲ ಅಂದ್ರೆ ಎರಡು ಸಾಲು ಮಾಡಿ, ಸಾಲಿನ ಎತ್ತರ ಜಾಸ್ತಿ ಕೊಡಿ, ಇಂಗ್ಲಿಷಿಗೆ ಇಟ್ಟ ಎತ್ತರದಲ್ಲಿ ಒತ್ತಕ್ಷರದ ಕಾಲು ಕಟ್ ಆಗುತ್ತೆ.

ಕಾರ್ಡಲ್ಲಿ ಯಾರ ಹೆಸರು ಬರ್ಬೇಕು ಅನ್ನೋದೂ ಯೋಚ್ನೆ ಮಾಡಿ. ಭಾವಗೀತೆ ಆದ್ರೆ ಕವಿ, ಧಾಟಿ ಹಾಕಿದವ್ರು, ಹಾಡಿದವ್ರು ಮೂರೂ ಬೇಕು, ನಮ್ಮ ಕಡೆ ಜನ ಇದು ಯಾರ ಕವಿತೆ ಅಂತಾನೇ ಮೊದ್ಲು ಕೇಳೋದು. ಕ್ಯಾಟಲಾಗಲ್ಲಿ ಎಷ್ಟೋ ಸಲ ಕ್ಯಾಸೆಟ್ ಕಂಪನಿ ಹೆಸರನ್ನ ಗಾಯಕರ ಜಾಗದಲ್ಲಿ ತುಂಬಿರ್ತಾರೆ, ಹೆಸರೆಲ್ಲ ಇಂಗ್ಲಿಷಲ್ಲಿ ಒಬ್ಬೊಬ್ರು ಒಂದೊಂದು ಥರ. ಒಂದೇ ಸಲ ಎಲ್ಲ ಸರಿ ಮಾಡೋಕೆ ಆಗಲ್ಲ, ಅತಿ ಹೆಚ್ಚು ಶೇರ್ ಆಗೋ ಐನೂರು ಕನ್ನಡ ಹಾಡು ತಗೊಂಡು ಕನ್ನಡ ಬಲ್ಲ ಒಬ್ರನ್ನ ಕೂರ್ಸಿ ಕೈಯಾರೆ ಸರಿ ಮಾಡ್ಸಿ, ಎರಡು ವಾರದ ಕೆಲಸ, ಆಮೇಲೆ ಮುಂದಿನ ಐನೂರು.

ಸಾಹಿತ್ಯದ ಸಾಲು ಕಾರ್ಡ್ ಮಾಡೋ ಆಸೆ ಎಲ್ಲರಿಗೂ ಬರುತ್ತೆ. ಸಾಹಿತ್ಯಕ್ಕೆ ಹಕ್ಕು ಬೇರೆ, ರೆಕಾರ್ಡಿಂಗಿಗೆ ಹಕ್ಕು ಬೇರೆ, ಒಂದು ಇದ್ರೆ ಇನ್ನೊಂದು ಬಂದಂಗಲ್ಲ. ನಮ್ಮ ಕಾನೂನಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತೆ, ಬೇಂದ್ರೆ ಹೋಗಿದ್ದು 1981ರಲ್ಲಿ, ಅಂದ್ರೆ 2041 ಮುಗಿಯೋವರೆಗೂ ಅವ್ರ ಸಾಲು ಕಾರ್ಡಿಗೆ ಹಾಕೋಕೆ ಅನುಮತಿ ಬೇಕು. ಅದಿಲ್ದೇ ಹೋದ್ರೆ ಸಾಲು ಬಿಡಿ, ಕಳ್ಸೋವ್ರೇ ತಮ್ಮ ಮಾತಲ್ಲಿ ಒಂದು ಸಾಲು ಬರ್ಯೋಕೆ ಜಾಗ ಕೊಡಿ. "ನಿಮ್ಮ ಮನೆ ಜಗಲಿ ನೆನಪಾಯ್ತು" ಅಂತ ಬರ್ದು ಕಳ್ಸಿದ್ರೆ ಒತ್ತದೇ ಇರೋರು ಯಾರಿದಾರೆ.

ಯಾರಿಗೆ ಏನು ಕಾಣ್ಬೇಕು

ನಾನಿದ್ದ ಟೀಮಲ್ಲಿ ಒಂದ್ಸಲ "ನಿಮ್ಮ ಕಾಂಟ್ಯಾಕ್ಟಲ್ಲಿರೋರು ಈಗ ಇದನ್ನ ಕೇಳ್ತಿದಾರೆ" ಅಂತ ತೋರ್ಸೋದನ್ನ ಎಲ್ಲರಿಗೂ ಆನ್ ಮಾಡಿ ಬಿಟ್ವಿ. ಸಪೋರ್ಟಿಗೆ ಒಬ್ರು ಬರ್ದಿದ್ರು, ಮನೇಲಿ ಸಾವಾಗಿತ್ತು, ತೀರಿಕೊಂಡವ್ರಿಗೆ ಇಷ್ಟವಾದ ಒಂದೇ ಹಾಡನ್ನ ರಾತ್ರಿಯೆಲ್ಲ ಹಾಕ್ಕೊಂಡು ಕೂತಿದ್ದರು, ಬೆಳಿಗ್ಗೆ ಆಫೀಸಿನವ್ರು ಒಬ್ರು "ಏನ್ ಸಾರ್ ರಾತ್ರಿ ನಲವತ್ತು ಸಲ ಅದೇ ಹಾಡು" ಅಂತ ಮೆಸೇಜ್ ಮಾಡಿದ್ರಂತೆ. ಆ ಪತ್ರ ಓದಿ ನಂಗೆ ಎರಡು ದಿನ ಸರಿ ನಿದ್ದೆ ಬರ್ಲಿಲ್ಲ, ಅದೇ ವಾರ ಹೋರಾಡಿ ಆಫ್ ಮಾಡಿಸಿದ್ವಿ. ಹಾಡು ಕೇಳೋದು ಎಷ್ಟೋ ಸಲ ಯಾರಿಗೂ ಹೇಳ್ಕೊಳೋಕೆ ಆಗದ್ದನ್ನ ಒಬ್ರೇ ಕೂತು ಕಳ್ಯೋದು. ಆದ್ದರಿಂದ ನಿಯಮ ಇಷ್ಟೇ ಇರ್ಲಿ: ಬೆರಳಿಟ್ಟು ಕಳ್ಸಿದ್ದು ಮಾತ್ರ ಹೋಗ್ಬೇಕು, ಬೇರೇದೇನೂ ಹೋಗ್ಬಾರ್ದು.

ಫೋನಲ್ಲಿರೋ ನಂಬರ್ ಪಟ್ಟಿ ಎತ್ಕೊಳೋ ವಿಷಯ. "ನಾವು ಹ್ಯಾಶ್ ಮಾಡಿ ಕಳ್ಸ್ತೀವಿ, ಸೇಫ್" ಅಂತ ಎಂಜಿನಿಯರ್ ಹೇಳ್ತಾರೆ, ಅಂದ್ರೆ ನಂಬರನ್ನ ವಾಪಸ್ ಬಿಡಿಸೋಕಾಗದ ಗುರುತಾಗಿ ಬದ್ಲಾಯಿಸ್ತೀವಿ ಅಂತ, ನಂಬ್ಬೇಡಿ. ನಮ್ಮ ಮೊಬೈಲ್ ನಂಬರ್ 10 ಅಂಕಿ, ಶುರುವಾಗೋದು 6ರಿಂದ 9, ಅಂದ್ರೆ ಸಾಧ್ಯ ಇರೋದು ಒಟ್ಟು 400 ಕೋಟಿ ನಂಬರ್, ಎಲ್ಲದ್ರ ಹ್ಯಾಶೂ ಮಾಡಿ ಹೋಲ್ಸಿ ನೋಡೋದು ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡಿಗೆ ದೊಡ್ಡ ಕೆಲಸ ಅಲ್ಲ. ನೀವು ಪಟ್ಟಿ ಕೇಳ್ದೇ ಇರೋದೇ ಸರಿ, ಫೋನಿನ ಶೇರ್ ಪಟ್ಟಿ ತೆರ್ದ್ರೆ ವಾಟ್ಸಾಪ್ ಹೆಸರು ಅಲ್ಲೇ ಬರುತ್ತೆ, ನಿಮ್ಗೆ ಗೊತ್ತಾಗೋ ಅಗತ್ಯಾನೇ ಇಲ್ಲ.

ಲಿಂಕಲ್ಲಿ ಕಳ್ಸಿದವ್ರ ಅಕೌಂಟ್ ನಂಬರ್ ಅಂಟಿಸೋದೂ ಬೇಡ. ಒಬ್ರಿಗೆ ಅಂತ ಕಳ್ಸಿದ ಲಿಂಕು ಫಾರ್ವರ್ಡ್ ಆಗಿ ಆಗಿ ಇಪ್ಪತ್ತು ಗ್ರೂಪ್ ದಾಟುತ್ತೆ, ಕೊನೆಗೆ ಗುರುತಿಲ್ದೋರಿಗೆ "ಇಂಥವ್ರು ನಿಮಗೆ ಕಳ್ಸಿದಾರೆ" ಅಂತ ಒಬ್ಬ ಹುಡುಗಿ ಹೆಸರು, ಫೋಟೋ ಕಾಣುತ್ತೆ. ಹೆಸರು ತೋರ್ಸ್ಬೇಕಾ ಅಂತ ಕಳ್ಸೋವಾಗ್ಲೇ ಕೇಳಿ, ಮೊದ್ಲಿಗೆ ಆಫ್ ಇರ್ಲಿ. ಮತ್ತೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಲಿ ಮಗು ಅಂದ್ರೆ 18ರ ಒಳಗಿನೋರು, ಅವ್ರ ಡೇಟಾಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅವ್ರ ನಡವಳಿಕೆಯ ಜಾಡು ಹಿಡಿಯೋ ಹಂಗಿಲ್ಲ. ಹಾಡು ಕೇಳೋರಲ್ಲಿ ಪಿಯುಸಿ ಮಕ್ಕಳು ಎಷ್ಟು ಜನ ಅಂತ ಯೋಚ್ನೆ ಮಾಡಿ, ಈ ಭಾಗನ ವಕೀಲರ ಜೊತೆ ಕೂತೇ ಬಿಡ್ಸಿ.

ಡಬ್ಬಿ ವಾಪಸ್ ಬರೋದು

ಹಾಡು ಕಳ್ಸಿದವ್ರಿಗೆ ಬೇಕಾಗಿರೋದು ಒಂದೇ ವಿಷಯ, ಕೇಳಿದ್ರಾ? ಇದನ್ನ ತಾನಾಗೇ ಹೇಳೋಕೆ ಹೋಗ್ಬೇಡಿ, ಎರಡು ನೀಲಿ ಗೀಟಿಂದ ಎಷ್ಟು ಮನೇಲಿ ಮುನಿಸಾಗಿದೆ ಅಂತ ನಮ್ಗೆಲ್ಲ ಗೊತ್ತು. ಹಾಡಿನ ಅರ್ಧ ಮುಗ್ದ ಮೇಲೆ ಕೆಳಗಡೆ ಮೆತ್ತಗೆ "ಕೇಳ್ದೆ ಅಂತ ಹೇಳ್ಲಾ?" ಅಂತ ಒಂದು ಬಟನ್ ಬರ್ಲಿ, ಒತ್ತಿದ್ರೆ ಮಾತ್ರ ಹೋಗ್ಲಿ. ಯಾಕೆ ಅರ್ಧ ಅಂದ್ರೆ, ಜನ ಯಾವ ಹಾಡು ಕೇಳಿದ್ರು ಅಂತ ಲೆಕ್ಕ ಇಡೋ ಲಾಸ್ಟ್ ಎಫ್ಎಂ ಸೈಟಿನವ್ರು ಒಂದು ಹಾಡು ಕೇಳಿದ ಲೆಕ್ಕ ಹಿಡಿಯೋದು ಅರ್ಧ ಹಾಡು ಇಲ್ಲಾ 4 ನಿಮಿಷ, ಯಾವ್ದು ಮೊದ್ಲೋ ಅದು, ಸ್ಪಾಟಿಫೈ 30 ಸೆಕೆಂಡಿಗೇ ಒಂದು ಪ್ಲೇ ಅಂತ ಎಣ್ಸುತ್ತೆ, ಅದು ದುಡ್ಡಿನ ಲೆಕ್ಕ, ಮನಸ್ಸಿನ ಲೆಕ್ಕಕ್ಕೆ ಅರ್ಧನೇ ಸರಿ ಅನ್ಸುತ್ತೆ ನಂಗೆ.

ನಮ್ಮ ಎರಡನೇ ಪ್ರಯತ್ನದಲ್ಲಿ ಅತ್ತೆಗೆ ಮತ್ತೆ ಅದೇ ಹಾಡು ಕಳ್ಸಿದೆ. ಈ ಸಲ ಒತ್ತಿದ ಕೂಡ್ಲೇ ಪಲ್ಲವಿ ಶುರುವಾಯ್ತು. ಅವ್ರು ಬಟನ್ ಒತ್ತಲಿಲ್ಲ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳ್ಸಿದ್ರು, ಹಾರ್ಮೋನಿಯಂ ಹಿಡ್ಕೊಂಡು ಎರಡನೇ ಚರಣ ತಾವು ಕಲ್ತಿದ್ದ ಹಳೇ ಧಾಟೀಲಿ ಹಾಡಿ, "ಇದು ಹೀಗಿತ್ತು ನಮ್ಮ ಕಾಲಕ್ಕೆ, ಆದ್ರೆ ಹುಡುಗಿ ಚೆನ್ನಾಗೇ ಹಾಡಿದಾಳೆ" ಅಂತ. ಅದಾದ ಮೇಲೆ ನಾವು ಉತ್ತರದ ಜಾಗದಲ್ಲಿ ಎಮೋಜಿ ಸಾಲು ತೆಗ್ದು ಎರಡೇ ಇಟ್ವಿ, ವಾಯ್ಸ್ ಒಂದು, ಇನ್ನೊಂದು ಹಾಡು ವಾಪಸ್ ಕಳ್ಸೋದು ಒಂದು. ಹಾಡಿಗೆ ಹಾಡೇ ಉತ್ತರ, ಅಂತ್ಯಾಕ್ಷರಿ ಆಡಿ ಬೆಳೆದ ಜನ ನಾವು.

ಒಟ್ಟಿಗೆ ಕೇಳೋದು ಮಾಡೋದಾದ್ರೆ

ಇದು ಆಮೇಲಿನ ಕೆಲಸ, ಲಿಂಕ್ ಸರಿಯಾದ ಮೇಲೆ ಮಾತ್ರ ಕೈ ಹಾಕಿ. ಒಬ್ರ ಫೋನಿಂದ ಇನ್ನೊಬ್ರಿಗೆ ಶಬ್ದ ಕಳ್ಸೋದಲ್ಲ ಇಲ್ಲಿ, ಎಲ್ಲರೂ ತಮ್ಮ ತಮ್ಮ ಫೋನಲ್ಲೇ ಸರ್ವರಿಂದ ಹಾಡು ತಗೋತಾರೆ, ಹಂಚ್ಕೊಳೋದು ಬರೀ ಒಂದು ಮಾತು, "ಸರ್ವರ್ ಗಡಿಯಾರ ಇಷ್ಟು ಗಂಟೆ ತೋರ್ಸೋವಾಗ ಈ ಹಾಡಿನ 42ನೇ ಸೆಕೆಂಡ್ ನಡೀತಿತ್ತು" ಅಂತ. ಫೋನಿನ ಗಡಿಯಾರ ನಂಬ್ಬೇಡಿ, ಸರ್ವರಿಗೆ ಐದಾರು ಸಲ ಹೋಗಿ ಬಂದು, ಅದ್ರಲ್ಲಿ ಬೇಗ ವಾಪಸ್ ಬಂದ ಸಲದ ಅರ್ಧ ಸಮಯ ತಗೊಂಡು ವ್ಯತ್ಯಾಸ ಲೆಕ್ಕ ಹಾಕಿ. ಇಬ್ರ ನಡುವೆ ಸ್ವಲ್ಪ ಹಿಂದೆ ಮುಂದೆ ಆದ್ರೆ ಹಾಡಿನ ವೇಗ ಒಂದೆರಡು ಶೇಕಡಾ ಹೆಚ್ಚು ಕಮ್ಮಿ ಮಾಡಿ ಸರಿ ಮಾಡ್ತಾರೆ, ಶೇಕಡಾ 2ರಲ್ಲಿ ಒಂದು ಸೆಕೆಂಡ್ ಹಿಡಿಯೋಕೆ 50 ಸೆಕೆಂಡ್ ಬೇಕು. ಆದ್ರೆ ಶ್ರುತಿ ಕಾಪಾಡೋ ಆಯ್ಕೆ ಹಾಕ್ದೇ ವೇಗ ಹೆಚ್ಚಿಸಿದ್ರೆ ಶ್ರುತಿ ಅರ್ಧ ಸ್ವರದ ಮೂರನೇ ಒಂದು ಭಾಗ ಏರುತ್ತೆ, ನಮ್ಮ ಅತ್ತೆಯಂಥವ್ರು ಕೇಳಿದ ತಕ್ಷಣ ಹಿಡೀತಾರೆ. ಶಾಸ್ತ್ರೀಯ, ಸುಗಮ ಸಂಗೀತ ಆದ್ರೆ ವೇಗ ಮುಟ್ಲೇಬೇಡಿ, ಎರಡು ಹಾಡಿನ ನಡುವಿನ ಮೌನದಲ್ಲಿ ಸರಿ ಮಾಡಿ, ಇಬ್ರು ಬೇರೆ ಬೇರೆ ಊರಲ್ಲಿದ್ರೆ ಅರ್ಧ ಸೆಕೆಂಡ್ ಹಿಂದೆ ಮುಂದೆ ಯಾರಿಗೂ ಗೊತ್ತಾಗಲ್ಲ.

ಒಂದೇ ರೂಮಲ್ಲಿ ಇದ್ರೆ ಎರಡು ಸ್ಪೀಕರ್ ಹೊಂದಿಸೋಕೆ ಹೋಗ್ಲೇಬೇಡಿ, ಬ್ಲೂಟೂತ್ ಒಂದೊಂದು ಒಂದೊಂದು ಥರ ತಡ ಮಾಡುತ್ತೆ, ಒಂದೇ ಸ್ಪೀಕರ್ ಇಟ್ಟು ಎಲ್ಲರ ಫೋನಿಂದ ಹಾಡು ಸೇರ್ಸೋ ಪಟ್ಟಿ ಕೊಡಿ. ಪಟ್ಟೀಲಿ ಯಾರು ಸೇರ್ಸಿದ್ದು ಅಂತ ಹೆಸರು ಇರ್ಲಿ, ಬೇರೆಯವ್ರು ಹಾಕಿದ್ದನ್ನ ತೆಗ್ಯೋ ಅಧಿಕಾರ ಶುರು ಮಾಡಿದವ್ರಿಗೆ ಮಾತ್ರ ಇರ್ಲಿ, ತೆಗ್ದದ್ದನ್ನ ವಾಪಸ್ ಹಾಕೋಕೂ ಬರ್ಲಿ. ಜಾಹೀರಾತು ಇನ್ನೊಂದು ಗೋಳು: ದುಡ್ಡು ಕೊಡದೇ ಕೇಳೋರಿಗೆ ಮಧ್ಯ ಜಾಹೀರಾತು ಬಂದು ಅವ್ರು ಅರ್ಧ ನಿಮಿಷ ಹಿಂದೆ ಬೀಳ್ತಾರೆ. ಅವ್ರಿಗೋಸ್ಕರ ಎಲ್ಲರೂ ಕಾಯೋದಾ, ಅವ್ರು ಬಂದು ನಡೀತಿರೋ ಕಡೆ ಸೇರ್ಕೊಳೋದಾ ಅಂತ ಮೊದ್ಲೇ ತೀರ್ಮಾನ ಮಾಡಿ. ನಾನಾದ್ರೆ ಒಟ್ಟಿಗೆ ಕೇಳೋ ಹೊತ್ತಲ್ಲಿ ಜಾಹೀರಾತನ್ನ ಶುರುವಿಗೇ ಎಲ್ಲರಿಗೂ ಒಟ್ಟಿಗೆ ಹಾಕಿ ಮುಗಿಸ್ತೀನಿ.

ಟೆಸ್ಟ್ ಮಾಡೋವಾಗ ಒಬ್ಬೊಬ್ರನ್ನ ಕರೀಬೇಡಿ, ಜೋಡಿ ಕರೀರಿ. ಅಕ್ಕ ತಂಗಿ, ಹಾಸ್ಟೆಲ್ ಗೆಳೆಯರು, ಬೆಂಗಳೂರಿನ ಮಗ ಊರಿನ ಅಪ್ಪ. ಹತ್ತು ಜೋಡಿ ಸಾಕು. ಒಬ್ರು ಒಂದು ಕೋಣೇಲಿ ಕಳ್ಸ್ಲಿ, ನೀವು ಇನ್ನೊಂದು ಕೋಣೇಲಿ ಕೂತು ಪಡ್ಕೊಳೋವ್ರ ಮುಖ ನೋಡಿ. ಅವ್ರ ಕೈಲಿರೋದು ಎಂಟು ಸಾವಿರದ ಫೋನ್ ಆಗಿರ್ಲಿ, ಮೆಮರಿ ತುಂಬಿರೋದು, ನೆಟ್‌ವರ್ಕ್ ಎರಡು ಕಡ್ಡಿ. ಡ್ಯಾಶ್‌ಬೋರ್ಡಲ್ಲಿ ಶೇರ್ ಬಟನ್ ಎಷ್ಟು ಸಲ ಒತ್ತಿದ್ರು ಅನ್ನೋದನ್ನ ಕೆಳಗೆ ಹಾಕಿ, ಮೇಲೆ ಎರಡು ಅಂಕಿ ಇರ್ಲಿ: ಲಿಂಕ್ ಒತ್ತಿ ಎಷ್ಟು ಸೆಕೆಂಡಿಗೆ ಹಾಡು ಕೇಳಿಸ್ತು, ಒತ್ತಿದ ನೂರು ಜನದಲ್ಲಿ ಎಷ್ಟು ಜನ ಅರ್ಧ ಹಾಡು ಕೇಳಿದ್ರು. ಮೊದಲನೇದು ಆ ಎಂಟು ಸಾವಿರದ ಫೋನಲ್ಲಿ 3 ಸೆಕೆಂಡ್ ದಾಟಿದ್ರೆ ಬೇರೆ ಎಲ್ಲ ಕೆಲಸ ನಿಲ್ಸಿ ಅದನ್ನೇ ಸರಿ ಮಾಡಿ, ಹೊಸ ಬಣ್ಣದ ಕಾರ್ಡು ಮುಂದಿನ ತಿಂಗಳು ಮಾಡ್ಬಹುದು.